ಯೋರ್ವಿಕ್ ವೈಕಿಂಗ್ ಸೆಂಟರ್ ಮತ್ತು ಯಾರ್ಕ್‌ನ ವಸತಿ ಪ್ರವಾಸ: ಪೋಷಕರೊಬ್ಬರ ವಿಮರ್ಶೆ

ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ 7ರಿಂದ 11 ವರ್ಷದ ಮಕ್ಕಳಿಗೆ ನಿಗದಿಯಾಗಿರುವ ಇತಿಹಾಸದ ಪಠ್ಯಕ್ರಮದಲ್ಲಿ, ಅಲ್ಲಿ ಮೊದಲೇ ನೆಲೆಸಿದ್ದ ಆಂಗ್ಲೋ-ಸ್ಯಾಕ್ಸನ್ನರಿಗೂ ಸ್ಕ್ಯಾಂಡಿನೇವಿಯಾದಿಂದ ಸಮುದ್ರ ದಾಟಿ ಬಂದ ವೈಕಿಂಗರಿಗೂ ಹನ್ನೊಂದನೆಯ ಶತಮಾನದ ಎಡ್ವರ್ಡ್ ದಿ ಕನ್ಫೆಸರ್ ದೊರೆಯ ಕಾಲದವರೆಗೆ ನಡೆದ ಸಂಘರ್ಷವೂ ಒಂದು ಭಾಗ. ನನ್ನ ಮಗಳ ಇಯರ್ ಫೋರ್ ತರಗತಿಯವರು ಈ ವಿಷಯವನ್ನು ಒಂದು ಟರ್ಮ್ ಪೂರ್ತಿ ಓದಿ, ಅದರ ನಡುವೆ ಉತ್ತರ ಇಂಗ್ಲೆಂಡಿನ ಯಾರ್ಕ್ ನಗರಕ್ಕೆ ವಸತಿ ಪ್ರವಾಸ ಹೋದರು. ಸಹಾಯಕ್ಕೆಂದು ಜೊತೆಗೆ ಹೋಗಿದ್ದ ನಾನು ಈ ವಿಮರ್ಶೆಯನ್ನು ತಮ್ಮ ಮಕ್ಕಳನ್ನು ಇಂಥ ಪ್ರವಾಸಕ್ಕೆ ಕಳುಹಿಸಲಿರುವ ತಂದೆತಾಯಿಗಳಿಗಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವೈಕಿಂಗರ ಕಾಲದ ಯಾರ್ಕ್ ನಗರವನ್ನು ಮರುಸೃಷ್ಟಿಸಿ ತೋರಿಸುವ ಯೋರ್ವಿಕ್ ವೈಕಿಂಗ್ ಸೆಂಟರ್ ಮಕ್ಕಳಿಗೆ ತೋರಿಸಲೇಬೇಕಾದ ಜಾಗ, ಆದರೆ ಅದರಿಂದ ಮಕ್ಕಳಿಗೆ ಎಷ್ಟು ದಕ್ಕುತ್ತದೆ ಎಂಬುದು ಅದಕ್ಕೆ ಮುಂಚೆ ತರಗತಿಯಲ್ಲಿ ನಡೆದ ಕೆಲಸವನ್ನು ಅವಲಂಬಿಸಿದೆ.

ನಮ್ಮ ಮಕ್ಕಳ ಟೀಚರ್ ಪಾಠವನ್ನು ಆರಂಭಿಸಿದ್ದು 793ರಲ್ಲಿ ಲಿಂಡಿಸ್ಫಾರ್ನ್ ದ್ವೀಪದ ಮಠದ ಮೇಲೆ ವೈಕಿಂಗರು ನಡೆಸಿದ ದಾಳಿಯಿಂದ. ಘಟನೆಗಳನ್ನು ವರ್ಷವಾರು ದಾಖಲಿಸಿದ ಹಳೆಯ ಗ್ರಂಥವಾದ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನಲ್ಲಿ ಆ ವರ್ಷದ ಕೆಳಗೆ ಆಕಾಶದಲ್ಲಿ ಬೆಂಕಿಯ ಡ್ರ್ಯಾಗನ್‌ಗಳು ಹಾರಿದವೆಂದೂ, ಬರಗಾಲ ಬಂದಿತೆಂದೂ, ಆಮೇಲೆ ದಾಳಿಕೋರರು ಬಂದು ದೇವರ ಮನೆಯನ್ನು ನಾಶಮಾಡಿದರೆಂದೂ ಇದೆ. ಇದನ್ನು ಓದಿಸಿದ ಮೇಲೆ ಅವರು ಮಕ್ಕಳ ಮುಂದೆ ಒಂದೇ ಪ್ರಶ್ನೆ ಇಟ್ಟರು: ಇದನ್ನು ಬರೆದವರು ಯಾರು, ದಾಳಿ ಮಾಡಿದವರ ಕಡೆಯ ಮಾತು ಎಲ್ಲಿದೆ? ಎಂಟೊಂಬತ್ತು ವರ್ಷದ ಮಕ್ಕಳು ಈ ಪ್ರಶ್ನೆಯನ್ನು ಹಿಡಿದುಕೊಂಡು ವಾರಗಟ್ಟಲೆ ಮಾತಾಡಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ರಟ್ಟಿನ ಹಡಗು ಮಾಡುವುದು, ವೈಕಿಂಗರ ರೂನ್ ಲಿಪಿಯಲ್ಲಿ ಹೆಸರು ಕೆತ್ತುವುದು ಮುಂತಾದ ಚಟುವಟಿಕೆಗಳು ಎಲ್ಲ ಶಾಲೆಗಳಲ್ಲಿ ಇರುವಂತೆ ಇಲ್ಲಿಯೂ ಇದ್ದವು. ಅವುಗಳಿಗಿಂತ ಭೂಪಟದ ಕೆಲಸ ಮೇಲಾಗಿತ್ತು. ಹೆಸರಿನ ಕೊನೆಯಲ್ಲಿ ವೈಕಿಂಗರ ಭಾಷೆಯ ‘ಬಿ’, ‘ಥಾರ್ಪ್’ ಉಳಿದಿರುವ ವಿಟ್ಬಿ, ಡಾರ್ಬಿ, ಸ್ಕನ್‌ಥಾರ್ಪ್‌ನಂಥ ಊರುಗಳಿಗೆ ಬಣ್ಣ ಹಚ್ಚುತ್ತ ಹೋದ ಮಕ್ಕಳಿಗೆ, ವೈಕಿಂಗರು ಕೊಳ್ಳೆ ಹೊಡೆದು ಹಿಂದಿರುಗಿದವರು ಮಾತ್ರವಲ್ಲ, ಇಲ್ಲಿಯೇ ನೆಲೆ ನಿಂತು ಉತ್ತವರು, ಬಿತ್ತವರು ಎಂಬುದು ಯಾರೂ ಹೇಳದೆಯೇ ಕಾಣಿಸಿತು.

ಯೋರ್ವಿಕ್ ಸೆಂಟರ್ ಈ ತಿಳಿವಳಿಕೆಗೆ ಸರಿಯಾಗಿ ಒದಗಿಬರುತ್ತದೆ. 866ರಲ್ಲಿ ವೈಕಿಂಗರ ಕೈಸೇರಿದ ಯಾರ್ಕ್, ಅವರ ಕೊನೆಯ ದೊರೆ ಎರಿಕ್ ಬ್ಲಡ್ಆ್ಯಕ್ಸ್ 954ರಲ್ಲಿ ಹೊರದೂಡಲ್ಪಡುವವರೆಗೆ ಹೆಚ್ಚಿನ ಕಾಲ ಅವರ ಆಳ್ವಿಕೆಯಲ್ಲಿತ್ತು. ಇಲ್ಲಿನ ಕಾಪರ್‌ಗೇಟ್ ಬೀದಿಯಲ್ಲಿ ಯಾರ್ಕ್ ಆರ್ಕಿಯಾಲಜಿಕಲ್ ಟ್ರಸ್ಟ್ 1976ರಿಂದ 1981ರವರೆಗೆ ಉತ್ಖನನ ನಡೆಸಿ ಸುಮಾರು 40,000 ವಸ್ತುಗಳನ್ನು ಹೊರತೆಗೆಯಿತು. ನೀರು ತುಂಬಿ ಗಾಳಿಯಾಡದ ಮಣ್ಣಾಗಿದ್ದರಿಂದ ಮರ, ಚರ್ಮ, ಬಟ್ಟೆ ಇವೆಲ್ಲ ಸಾವಿರ ವರ್ಷ ಕೊಳೆಯದೆ ಉಳಿದಿದ್ದವು. ಅದೇ ಜಾಗದಲ್ಲಿ 1984ರಲ್ಲಿ ತೆರೆದ ಈ ಸೆಂಟರ್ 2015ರ ಡಿಸೆಂಬರಿನ ಪ್ರವಾಹದಲ್ಲಿ ಮುಳುಗಿ, 2017ರಲ್ಲಿ ಹೊಸದಾಗಿ ಸಜ್ಜುಗೊಂಡು ಮತ್ತೆ ತೆರೆಯಿತು.

ಒಳಗೆ ಚಿಕ್ಕ ಗಾಡಿಯಲ್ಲಿ ಕುಳಿತು ಹತ್ತನೆಯ ಶತಮಾನದ ಬೀದಿಗಳ ನಡುವೆ ಸಾಗಬೇಕು. ಮರ ಕಡೆದು ಬಟ್ಟಲು ಮಾಡುವವನು, ಜಿಂಕೆಯ ಕೊಂಬಿನಿಂದ ಬಾಚಣಿಗೆ ಕೊಯ್ಯುವವನು, ಚರ್ಮದ ಕೆಲಸದವನು, ಮೀನು ಮಾರುವವರು, ಮನೆಯ ಹಿಂದಿನ ಶೌಚದ ಗುಂಡಿ, ಅದರ ವಾಸನೆ ಸಹಿತ ಎಲ್ಲವೂ ಅಲ್ಲಿದೆ. ಯಂತ್ರದಿಂದ ಚಲಿಸುವ ಈ ಮನುಷ್ಯರಲ್ಲಿ ಕೆಲವರ ಮುಖವನ್ನು ಉತ್ಖನನದಲ್ಲಿ ಸಿಕ್ಕ ತಲೆಬುರುಡೆಗಳನ್ನು ಆಧರಿಸಿ ರೂಪಿಸಿದ್ದಾರೆ, ಮತ್ತು ಅವರು ಆ ಕಾಲದ ಭಾಷೆಗಳಲ್ಲಿಯೇ ಮಾತನಾಡುತ್ತಾರೆ. ಎಲ್ಲಿಯೂ ಕತ್ತಿ ಹಿರಿದು ಅಬ್ಬರಿಸುವ ಯೋಧನನ್ನು ಮುಂದಿಡದೆ ದುಡಿದು ಬದುಕುವ ಒಂದು ಬೀದಿಯನ್ನು ಮುಂದಿಟ್ಟಿರುವುದೇ ಈ ಸೆಂಟರಿನ ದೊಡ್ಡ ಗುಣ ಎಂದು ನಾನು ಭಾವಿಸುತ್ತೇನೆ. ಗಾಡಿ ತನ್ನ ಪಾಡಿಗೆ ಮುಂದೆ ಹೋಗುತ್ತಿರುತ್ತದೆ, ಆದ್ದರಿಂದ ಏನನ್ನು ಹುಡುಕಬೇಕೆಂದು ಮಕ್ಕಳಿಗೆ ಮೊದಲೇ ಗೊತ್ತಿರಬೇಕು. ನಮ್ಮ ಟೀಚರ್ ಪ್ರತಿ ಮಗುವಿಗೂ ಒಂದೊಂದು ಕಸುಬನ್ನು ವಹಿಸಿಕೊಟ್ಟಿದ್ದರು. ನನ್ನ ಪಕ್ಕದಲ್ಲಿದ್ದ ಹುಡುಗ ಬಾಚಣಿಗೆಯವನು ಬಂದಾಗ ಕುಳಿತಲ್ಲೇ ತಿರುಗಿ, ಅವನು ಮರೆಯಾಗುವವರೆಗೂ ಬಿಡದೆ ನೋಡಿದ.

ಗಾಡಿಯಿಂದ ಇಳಿದ ಮೇಲಿನ ವಸ್ತುಸಂಗ್ರಹಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಒಂದೇ ಸೂಜಿಯಿಂದ ಕುಣಿಕೆ ಕುಣಿಕೆಯಾಗಿ ಹೆಣೆದ ಉಣ್ಣೆಯ ಕಾಲುಚೀಲದ ಮುಂದೆ ಮಕ್ಕಳು ನಿಂತೇಬಿಟ್ಟರು, ಏಕೆಂದರೆ ಅದೇ ಹೆಣಿಗೆಯನ್ನು ಅವರು ತರಗತಿಯಲ್ಲಿ ಪ್ರಯತ್ನಿಸಿ ಅದರ ಕಷ್ಟವನ್ನು ತಿಳಿದಿದ್ದರು. ಯಾರ್ಕ್‌ನ ಲಾಯ್ಡ್ಸ್ ಬ್ಯಾಂಕಿನ ಕಟ್ಟಡದ ಜಾಗದಲ್ಲಿ 1972ರಲ್ಲಿ ಸಿಕ್ಕ, ವೈಕಿಂಗ್ ಕಾಲದ ಮನುಷ್ಯನ ಮಲದ ಪಳೆಯುಳಿಕೆ ನಗುವಿಗೆ ಕಾರಣವಾಗುವುದು ಸಹಜ. ಆದರೆ ಅದರಿಂದ ಆ ಮನುಷ್ಯ ಮಾಂಸ ಮತ್ತು ಧಾನ್ಯ ತಿನ್ನುತ್ತಿದ್ದನೆಂದೂ, ಅವನ ಹೊಟ್ಟೆಯಲ್ಲಿ ಜಂತುಹುಳುಗಳಿದ್ದವೆಂದೂ ತಿಳಿಯುತ್ತದೆಂದು ಹೇಳಿದಾಗ ನಗು ನಿಂತು ಪ್ರಶ್ನೆಗಳು ಶುರುವಾದವು. ಕಾಪರ್‌ಗೇಟ್‌ನಲ್ಲಿ ರೇಷ್ಮೆಯ ಟೋಪಿಯೂ, ಮಧ್ಯ ಏಷ್ಯಾದ ಸಮರ್ಕಂದದ ನಾಣ್ಯದ ಖೋಟಾ ಪ್ರತಿಯೂ ಸಿಕ್ಕಿವೆ. ಅಷ್ಟು ದೂರದ ವ್ಯಾಪಾರದ ಕೊಂಡಿ ಇಲ್ಲಿಗೆ ತಲುಪಿತ್ತೆಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು. ಕಾಪರ್‌ಗೇಟ್ ಶಿರಸ್ತ್ರಾಣ ಮಾತ್ರ ಇರುವುದು ಯಾರ್ಕ್‌ಶೈರ್ ಮ್ಯೂಸಿಯಮ್ಮಿನಲ್ಲಿ. ಅದು ವೈಕಿಂಗರು ಬರುವುದಕ್ಕೂ ಹಿಂದಿನ, ಎಂಟನೆಯ ಶತಮಾನದ ಆಂಗ್ಲಿಯನ್ (ಅಂದರೆ ಆಂಗ್ಲೋ-ಸ್ಯಾಕ್ಸನ್ನರ) ಕೆಲಸ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಪ್ರವಾಸದ ಇನ್ನೊಂದು ಭಾಗವಾದ ವಸತಿ ಕೇಂದ್ರದ ಬಗ್ಗೆ ಇಷ್ಟೇ ಮೆಚ್ಚುಗೆ ಸೂಚಿಸಲಾರೆ. ಹಾಸಿಗೆ, ಊಟ, ಸುರಕ್ಷತೆಗಳಲ್ಲಿ ಕೊರತೆ ಇರಲಿಲ್ಲ. ರಾತ್ರಿ ಮನೆಯ ನೆನಪಾಗಿ ಅತ್ತ ಮಕ್ಕಳನ್ನು ಶಿಕ್ಷಕರು ತಾಳ್ಮೆಯಿಂದ ಸಂತೈಸಿದರು. ಆದರೆ ಕೇಂದ್ರದವರು ನಡೆಸಿದ ‘ವೈಕಿಂಗ್ ಸಂಜೆ’ ಪಾಠಕ್ಕೆ ತದ್ವಿರುದ್ಧವಾಗಿತ್ತು. ಕೊಂಬಿನ ಪ್ಲಾಸ್ಟಿಕ್ ಶಿರಸ್ತ್ರಾಣಗಳನ್ನು ಹಂಚಿ, ಗುರಾಣಿ ಹಿಡಿಸಿ, ಕಿರುಚಿಸಿದ್ದಷ್ಟೇ ಕಾರ್ಯಕ್ರಮ. ವೈಕಿಂಗರ ಶಿರಸ್ತ್ರಾಣಕ್ಕೆ ಕೊಂಬು ಇರಲಿಲ್ಲ, ಅದು ಹತ್ತೊಂಬತ್ತನೆಯ ಶತಮಾನದ ಕಲಾವಿದರು ಮತ್ತು ರಂಗಭೂಮಿಯವರು ಹರಡಿದ ಚಿತ್ರ ಎಂದು ತರಗತಿಯಲ್ಲಿ ಕಲಿತಿದ್ದ ಹುಡುಗಿಯೊಬ್ಬಳು ಅದನ್ನು ವಿನಯದಿಂದಲೇ ಹೇಳಿದಳು. ನಡೆಸುವವರು ಕೇಳಿಸಿಕೊಳ್ಳದೆ ಮುಂದೆ ಹೋದದ್ದು ನನಗೆ ಬೇಸರ ತಂದಿತು. ಕಲಿತದ್ದನ್ನು ಧೈರ್ಯದಿಂದ ಹೇಳುವ ಮಗುವಿಗೆ ಹಿರಿಯರು ಒಂದು ನಿಮಿಷ ಕಿವಿಗೊಡಬೇಕಿತ್ತು. ಶಾಲೆಗಳು ಸಂಜೆಯ ಕಾರ್ಯಕ್ರಮವನ್ನು ಮುಂಗಡ ಕಾದಿರಿಸುವ ಮೊದಲು ಅದರ ವಿವರವನ್ನು ತರಿಸಿಕೊಂಡು ಓದಬೇಕು, ಇಲ್ಲವೇ ಆ ಹೊತ್ತನ್ನು ಶಿಕ್ಷಕರೇ ಕಥೆ ಹೇಳಲು ಇಟ್ಟುಕೊಳ್ಳಬೇಕು.

ಪ್ರವಾಸವನ್ನು ಟರ್ಮಿನ ಕೊನೆಗೆ ಬಹುಮಾನದಂತೆ ಇಡದೆ ನಡುವೆ ಇಟ್ಟದ್ದು ಶಾಲೆ ತೆಗೆದುಕೊಂಡ ಅತ್ಯುತ್ತಮ ನಿರ್ಧಾರ. ಹಿಂದಿರುಗಿದ ಮೇಲೆ ಮಕ್ಕಳು ತಮ್ಮ ತಮ್ಮ ಕಸುಬಿನವನ ಒಂದು ದಿನವನ್ನು ಬರೆದರು. ಮೊದಲ ವಾರಗಳ ಬರಹದಲ್ಲಿ ಬೆಂಕಿ, ಕೊಡಲಿ, ರಕ್ತ ತುಂಬಿದ್ದವು. ಈಗ ಒದ್ದೆ ಚರ್ಮದ ನಾತ, ಮುರಿದ ಬಾಚಣಿಗೆಯ ಹಲ್ಲು, ಕೊಳ್ಳುವವರೊಡನೆ ಚೌಕಾಸಿ ಬಂದಿದ್ದವು.

ಖರ್ಚಿನ ವಿಷಯದಲ್ಲಿ ಹಲವು ಪೋಷಕರಿಗೆ ತಿಳಿಯದ ಒಂದು ನಿಯಮವಿದೆ. ಇಂಗ್ಲೆಂಡಿನ ಸರ್ಕಾರಿ ಅನುದಾನದ ಶಾಲೆಗಳು ಶಾಲಾ ಅವಧಿಯ ಪ್ರವಾಸದ ಶಿಕ್ಷಣಕ್ಕೆ ಶುಲ್ಕ ವಿಧಿಸುವಂತಿಲ್ಲ, ಸ್ವಇಚ್ಛೆಯ ದೇಣಿಗೆಯನ್ನು ಮಾತ್ರ ಕೇಳಬಹುದು. ಊಟ ಮತ್ತು ವಸತಿಗೆ ನಿಜವಾಗಿ ತಗಲುವ ವೆಚ್ಚವನ್ನು ಕೇಳಬಹುದಾದರೂ, ನಿರ್ದಿಷ್ಟ ಸರ್ಕಾರಿ ನೆರವು ಪಡೆಯುವ ಕುಟುಂಬಗಳಿಗೆ ಅದರಿಂದಲೂ ವಿನಾಯಿತಿ ಇದೆ. ಹಣದ ಕಾರಣಕ್ಕೆ ಮಗುವನ್ನು ಕಳುಹಿಸದಿರಲು ತೀರ್ಮಾನಿಸುವ ಮೊದಲು ಶಾಲೆಯ ಕಚೇರಿಯಲ್ಲಿ ಈ ಬಗ್ಗೆ ವಿಚಾರಿಸಿ.