ಇಂಟ್ರಾಸೈಟ್ ಜೆಲ್: ಒಣಗಿದ ಕುಳಿಗೆ ಸರಿ, ಸೋರುವ ಹುಣ್ಣಿಗೆ ಬೇಡ

ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣಾಗಲಿ, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣಾಗಲಿ, ಕಾಡುವುದು ಮೇಲೆ ಕಾಣುವ ಬಾಯಲ್ಲ, ಒಳಗಿನ ಕುಳಿ. ಬಾಯಿ ಎಂಟಾಣೆ ಅಗಲ ಇರುತ್ತದೆ, ಒಳಗೆ ಹೆಬ್ಬೆರಳು ಹೋಗುವಷ್ಟು ಟೊಳ್ಳು. ಹಾಳೆಯಂಥ ಡ್ರೆಸ್ಸಿಂಗ್ ತಳ ಮುಟ್ಟುವುದಿಲ್ಲ. ಗಾಜ್ ಬಟ್ಟೆ ತುರುಕಿದರೆ ಅದು ಒಣಗಿ ಅಂಟಿಕೊಂಡು, ಬಿಚ್ಚುವಾಗ ಹೊಸ ಮಾಂಸವನ್ನೂ ಕಿತ್ತುಕೊಂಡೇ ಬರುತ್ತದೆ. ಮೂತಿಯಿಂದ ಒತ್ತಿ ತುಂಬುವ ಹೈಡ್ರೋಜೆಲ್, ಅಂದರೆ ನೀರೇ ಹೆಚ್ಚಿರುವ ಲೋಳೆ, ಕೆಲಸಕ್ಕೆ ಬರುವುದು ಇಂಥಲ್ಲಿ.

ಸ್ಮಿತ್ ಆ್ಯಂಡ್ ನೆಫ್ಯೂ ಕಂಪನಿಯ ಇಂಟ್ರಾಸೈಟ್ ಈ ಬಗೆಯಲ್ಲಿ ಹಳೆಯದು. ಕೈಗೆ ಲೋಳೆಸರದ ತಿರುಳಿನಂತೆ ಸಿಗುತ್ತದೆ. ಒಳಗಿರುವುದು 2.3% ಮಾರ್ಪಡಿಸಿದ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, 20% ಪ್ರೊಪೈಲೀನ್ ಗ್ಲೈಕಾಲ್, ಉಳಿದದ್ದೆಲ್ಲ ನೀರು. ಆ್ಯಂಟಿಬಯೋಟಿಕ್ ಇಲ್ಲ. ಗಾಯದ ಮೇಲಿನ ಒಣ ಹಳದಿ ಪೊರೆಗೆ ನೀರು ಉಣಿಸುವುದೇ ಇದರ ಮುಖ್ಯ ಕೆಲಸ. ನೆನೆದ ಪೊರೆಯನ್ನು ದೇಹದ ಕಿಣ್ವಗಳೇ ಕರಗಿಸುತ್ತವೆ. ಗಾಯ ಗಾಳಿಗೆ ಒಣಗಿ ಹಕ್ಕಳೆ ಕಟ್ಟಿದರೆ ಬೇಗ ಮಾಯುತ್ತದೆ ಎಂಬ ನಂಬಿಕೆ ನಮ್ಮಲ್ಲಿನ್ನೂ ಗಟ್ಟಿಯಾಗಿದೆ. ತೇವವಾಗಿ ಮುಚ್ಚಿಟ್ಟ ಗಾಯಕ್ಕೆ ಚರ್ಮ ಬೇಗ ಬರುತ್ತದೆಂದು ಜಾರ್ಜ್ ವಿಂಟರ್ ಹಂದಿಗಳ ಮೇಲೆ ತೋರಿಸಿದ್ದು 1962ರಲ್ಲೇ.

8, 15, 25 ಗ್ರಾಂ ಪ್ಯಾಕ್‌ಗಳಿವೆ. ಕನಿಷ್ಠ 5 ಮಿ.ಮೀ. ದಪ್ಪ ತುಂಬಬೇಕು. ಆ ಲೆಕ್ಕದಲ್ಲಿ 8 ಗ್ರಾಂ ಸುಮಾರು 4x4 ಸೆಂ.ಮೀ. ಜಾಗಕ್ಕೆ ಸಾಕು, 15 ಗ್ರಾಂ ಸುಮಾರು 5x6ಕ್ಕೆ. ಉಳಿತಾಯವೆಂದು ದೊಡ್ಡದನ್ನು ತಂದು ಅರ್ಧ ಫ್ರಿಜ್‌ನಲ್ಲಿಡುವವರಿದ್ದಾರೆ. ಒಮ್ಮೆ ಮೂತಿ ಮುರಿದ ಮೇಲೆ ಅದು ಸ್ಟೆರೈಲ್ ಅಲ್ಲ, ಉಳಿದದ್ದು ಕಸದ ಬುಟ್ಟಿಗೆ.

ಮೊದಲು 0.9% ಸಲೈನ್‌ನಿಂದ, ಉಗುರುಬೆಚ್ಚಗೆ ಮಾಡಿಕೊಂಡು, ಕುಳಿ ತೊಳೆಯಿರಿ. ಸುತ್ತಲಿನ ಚರ್ಮವನ್ನು ಮಾತ್ರ ಒರೆಸಿ ಒಣಗಿಸಿ. ಮೂತಿ ಗಾಯಕ್ಕೆ ತಾಗದಂತೆ ಹಿಡಿದು, ತಳದಿಂದ ಮೇಲಕ್ಕೆ ತುಂಬುತ್ತ ಬನ್ನಿ. ಅಂಚಿನವರೆಗೆ ತುಳುಕಿಸಬೇಡಿ. ಅದರ ಮೇಲೆ ಅಂಟದ ಪದರ, ಆಮೇಲೆ ಫೋಮ್ ಅಥವಾ ಫಿಲ್ಮ್ ಡ್ರೆಸ್ಸಿಂಗ್. ಹೆಚ್ಚೆಂದರೆ ಮೂರು ದಿನ. ನಡುವೆ ತೊಯ್ದರೆ ಆಗಲೇ ಬದಲಿಸಬೇಕು.

ಕೆಡುವುದು ಸಾಮಾನ್ಯವಾಗಿ ಈ ಮೇಲ್ಹೊದಿಕೆಯಲ್ಲೇ. ಒಣ ಗಾಜ್ ಮುಚ್ಚಿದರೆ ಜೆಲ್‌ನ ನೀರನ್ನೆಲ್ಲ ಅದೇ ಹೀರಿಕೊಂಡು, ಮರುದಿನ ಕುಳಿಯಲ್ಲಿ ಅಂಟಿನಂಥ ತೆಳು ಪೊರೆಯಷ್ಟೇ ಉಳಿದಿರುತ್ತದೆ. ದುಬಾರಿ ಜೆಲ್, ಫಲ ಸೊನ್ನೆ. ಸೋರುವ ಗಾಯಕ್ಕೆ ತುಂಬಿದರೆ ತೊಂದರೆ ಇದಕ್ಕೆ ಉಲ್ಟಾ: ಸುತ್ತಲಿನ ಚರ್ಮ ಬಟ್ಟೆ ಒಗೆದ ಕೈಯಂತೆ ಬಿಳಿಚಿ ಸುಕ್ಕುಗಟ್ಟುತ್ತದೆ, ಅಂಚು ಒಡೆದು ಹುಣ್ಣು ಅಗಲವಾಗುತ್ತದೆ. ಆಗ ಜೆಲ್ ಬಿಟ್ಟು, ಸೋರುವುದನ್ನು ಹೀರಿಕೊಳ್ಳುವ ಆಲ್ಜಿನೇಟ್ ಡ್ರೆಸ್ಸಿಂಗ್‌ಗೆ ಹೋಗಬೇಕು, ಅಂಚಿಗೆ ಜಿಂಕ್ ಆಕ್ಸೈಡ್ ಹಚ್ಚಬೇಕು.

ಬಿಚ್ಚಿದಾಗ ಕಾಣುವ ಹಳದಿ ಲೋಳೆಯನ್ನು ಕೀವೆಂದು ಮನೆಯವರು ಗಾಬರಿಯಾಗುವುದುಂಟು. ಅದು ಕರಗಿದ ಪೊರೆ. ಪೊರೆ ಹೋದಂತೆ ಮೊದಲ ವಾರ ಗಾಯ ದೊಡ್ಡದಾದಂತೆಯೂ ತೋರುತ್ತದೆ. ಸುತ್ತ ಕೆಂಪು, ಬಿಸಿ, ದುರ್ನಾತ, ಜ್ವರ ಇದ್ದರೆ ಮಾತು ಬೇರೆ. ತಡಮಾಡದೆ ಡಾಕ್ಟರಿಗೆ ತೋರಿಸಬೇಕು.

ಯಾರಿಗೆ ಬೇಡ? ರಕ್ತ ಹರಿಯದೆ ಕಪ್ಪಾಗಿ ಒಣಗಿದ ಬೆರಳಿಗೆ ಬೇಡವೇ ಬೇಡ. ಒಣಗಿರುವುದನ್ನು ನೆನೆಸಿದರೆ ಸೋಂಕಿಗೆ ಬಾಗಿಲು ತೆರೆದಂತೆ. ತಳ ಕಾಣದ ಕಿರಿದಾದ ಸುರಂಗಕ್ಕೂ ಬೇಡ, ಹೋದ ಜೆಲ್ ವಾಪಸ್ ಬರುವುದಿಲ್ಲ. ಪ್ರೊಪೈಲೀನ್ ಗ್ಲೈಕಾಲ್ ಅಲರ್ಜಿ ಇದ್ದವರೂ ದೂರವಿರಲಿ.

ಇದರ ನಿಜವಾದ ಕೊರತೆ, ಕುಳಿಯೊಳಗೆ ಗಟ್ಟಿಯಾಗದಿರುವುದು. ಹಿಮ್ಮಡಿಯ ಗಾಯದಲ್ಲಿ ರೋಗಿ ಮಗ್ಗುಲು ಬದಲಿಸಿದರೆ ಸಾಕು, ಜಾರಿ ಹೊರಗೆ ಬರುತ್ತದೆ. ಇಂಜೆಕ್ಟಬಲ್ ಹೈಡ್ರೋಜೆಲ್ ಎಂದು ಸಂಶೋಧಕರು ಕರೆಯುವುದು ಬೇರೆಯದನ್ನು: ಜೋಡಿ ಸಿರಿಂಜ್‌ನಿಂದ ಎರಡು ದ್ರವ ಬೆರೆತು, ಗಾಯದ ಆಕಾರಕ್ಕೇ ಹೆಪ್ಪುಗಟ್ಟುವಂಥದ್ದು, ಕೈಟೋಸಾನ್, ಹೈಅಲುರೋನಿಕ್ ಆಮ್ಲ, ಜೆಲಟಿನ್ ಬಳಸಿ ಮಾಡುತ್ತಾರೆ. ಬೇಗ ಹೆಪ್ಪಾದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ, ತಡವಾದರೆ ಹರಿದುಹೋಗುತ್ತದೆ. ಆ ಹದ ಹಿಡಿಯುವುದೇ ಅಲ್ಲಿಯ ಕಸರತ್ತು. ಅಂಗಡಿಯಲ್ಲಿ ಆ ಹೆಸರು ಹೇಳಿ ಮಾರಿದರೆ, ಇದು ಒಳಗೆ ಗಟ್ಟಿಯಾಗುತ್ತದೋ ಇಲ್ಲವೋ ಎಂದು ಕೇಳಿ.

ಕಾಲಿನ ಹುಣ್ಣಾದರೆ ಜೆಲ್‌ಗಿಂತ ಮೊದಲು ಹುಣ್ಣಿನ ಮೇಲೆ ಬೀಳುವ ಭಾರ ಇಳಿಸಬೇಕು. ಕಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿಸಿದರೂ ಸರಿ, ಮಾಯುವ ತನಕ ಆ ಕಾಲು ಊರದಿದ್ದರೂ ಸರಿ. ಎಂಸಿಆರ್ (ಮೆತ್ತನೆಯ ರಬ್ಬರ್) ಚಪ್ಪಲಿ ವಾಸಿಯಾದ ಮೇಲಿನ ಕಾವಲು. ಪಾರದರ್ಶಕ ಹಾಳೆಯ ಮೇಲೆ ವಾರಕ್ಕೊಮ್ಮೆ ಹುಣ್ಣಿನ ಅಂಚು ಬರೆದಿಡಿ. ನಾಲ್ಕು ವಾರದಲ್ಲಿ ಅರ್ಧಕ್ಕೆ ಇಳಿಯದಿದ್ದರೆ ಇನ್ನೊಂದು ಪ್ಯಾಕ್ ತರುವ ಬದಲು ರಕ್ತದ ಹರಿವು, ಮೂಳೆಯ ಸೋಂಕು ಎರಡನ್ನೂ ಪರೀಕ್ಷಿಸಿಕೊಳ್ಳಿ.