ಲೈಟ್‌ಹೌಸ್, ವೇವ್, ಎನ್‌ವಿಡಿಎ: ಲೈಬ್ರರಿ ವೆಬ್‌ಸೈಟ್ ಪರೀಕ್ಷೆಗೆ ಮೂರನ್ನೂ ಬಳಸಿ ನೋಡಿದ ಮೇಲೆ

ಮಂಗಳೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದರ ಜೊತೆಗೆ ಲೈಬ್ರರಿಯ ವೆಬ್‌ಸೈಟ್ ಸರಿ ಇದೆಯಾ ಅಂತ ನೋಡಿಕೊಳ್ಳುವುದೂ ನನ್ನ ಪಾಲಿನ ಕೆಲಸ. ಅದಕ್ಕಾಗಿ ಹಲವು ವರ್ಷಗಳಿಂದ ಲೈಟ್‌ಹೌಸ್, ವೇವ್, ಎನ್‌ವಿಡಿಎ ಅನ್ನುವ ಮೂರು ಸಾಧನಗಳನ್ನು ಬಳಸುತ್ತಿದ್ದೇನೆ. ಮೂರೂ ಉಚಿತ. ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಎನ್‌ವಿಡಿಎ ಆರಿಸಿಕೊಳ್ಳುತ್ತೇನೆ. ಆದರೆ ಮೂರೂ ಸೇರಿ ಹಿಡಿಯಲಾಗದ ತಪ್ಪುಗಳಿವೆ. ಓದುಗರಿಗೆ ಜಾಸ್ತಿ ತೊಂದರೆ ಕೊಡುವುದು ಅವೇ.

ಮೊದಲು ಲೈಟ್‌ಹೌಸ್. ಇದು ಕ್ರೋಮ್ ಬ್ರೌಸರ್ ಒಳಗೇ ಇದೆ. ಎಫ್12 ಒತ್ತಿದರೆ ತೆರೆಯುವ ಫಲಕದಲ್ಲಿ ಸಿಗುತ್ತದೆ. ಪುಟದ ವೇಗ, ಎಲ್ಲರಿಗೂ ಬಳಸಲು ಆಗುತ್ತದಾ ಅನ್ನುವುದು, ಹೀಗೆ ಒಂದೊಂದಕ್ಕೂ 100ಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. 90 ಮುಟ್ಟಿದರೆ ಹಸಿರು ಬಣ್ಣ. ಮೊಬೈಲ್ ಪರೀಕ್ಷೆಯಲ್ಲಿ ಅದು ಬೇಕಂತಲೇ ನಿಧಾನದ ನೆಟ್‌ವರ್ಕ್, ಸಾಧಾರಣ ಫೋನ್ ಅಂತ ಇಟ್ಟುಕೊಂಡು ಅಳೆಯುತ್ತದೆ. ಇದು ನನಗೆ ಬಹಳ ಇಷ್ಟ. ಬೆಳ್ತಂಗಡಿ, ಸುಳ್ಯ ಕಡೆಯಿಂದ ಬರುವ ಮಕ್ಕಳು ಬಸ್ಸಿನಲ್ಲಿ ಕೂತು ಪುಸ್ತಕ ಹುಡುಕುವುದು ಅಂಥ ಫೋನಿನಲ್ಲೇ ಅಲ್ವಾ?

ನಮ್ಮ ಮುಖಪುಟದಲ್ಲಿ ಸಮಾರಂಭಗಳ ದೊಡ್ಡ ದೊಡ್ಡ ಫೋಟೋಗಳು ಒಂದಾದ ಮೇಲೊಂದು ಸರಿಯುತ್ತಿದ್ದವು. ಪುಸ್ತಕ ಹುಡುಕುವ ಪೆಟ್ಟಿಗೆ ಅವುಗಳ ಕೆಳಗೆ ಎಲ್ಲೋ ಇತ್ತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟ ಅಳತೆ. ನಮ್ಮದು ಅದರ ಹತ್ತಿರವೂ ಇರಲಿಲ್ಲ. ಬಾಯಲ್ಲಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವರದಿಯನ್ನು ಪ್ರಿಂಟ್ ತೆಗೆದು ಸಭೆಯಲ್ಲಿ ಇಟ್ಟ ಮೇಲೆ ಫೋಟೋಗಳು ಬೇರೆ ಪುಟಕ್ಕೆ ಹೋದವು, ಪೆಟ್ಟಿಗೆ ಮೇಲೆ ಬಂತು. ಈ ಒಂದು ಕಾರಣಕ್ಕೇ ಲೈಟ್‌ಹೌಸ್ ಬೇಕು. ಒಂದು ಎಚ್ಚರಿಕೆ: ಅದೇ ಪುಟವನ್ನು ಮತ್ತೆ ಪರೀಕ್ಷಿಸಿದರೆ ಅಂಕ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಹಾಗಾಗಿ ಒಂದೆರಡು ಅಂಕಕ್ಕಾಗಿ ಒದ್ದಾಡಬೇಡಿ. ಅದು ನೋಡುವುದು ನೀವು ತೆರೆದಿಟ್ಟ ಪುಟವನ್ನು ಮಾತ್ರ, ಇಡೀ ಸೈಟನ್ನಲ್ಲ.

ಪುಟ ಎಲ್ಲರಿಗೂ ಬಳಸಲು ಆಗುತ್ತದಾ ಅಂತ ನೋಡುವ ವೇವ್ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ವೆಬ್‌ಏಮ್ ತಂಡದ್ದು. ತಪ್ಪು ಎಲ್ಲಿದೆಯೋ ಅಲ್ಲೇ ಪುಟದ ಮೇಲೆ ಗುರುತು ಹಾಕಿ ತೋರಿಸುತ್ತದೆ. ಹೊಸಬರಿಗೆ ಕಲಿಸಲು ಇದಕ್ಕಿಂತ ಸುಲಭದ್ದು ನಾನು ನೋಡಿಲ್ಲ. ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಹಾಕುವ ಚಾಳಿ ನಮ್ಮಲ್ಲಿ ಬಿಟ್ಟು ಹೋದದ್ದು ಇದರಿಂದಲೇ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕಡಿಮೆ ಎಂದರೆ 4.5:1 ವ್ಯತ್ಯಾಸ ಇರಬೇಕು. ಬ್ರೌಸರ್‌ಗೆ ಸೇರಿಸಿಕೊಳ್ಳುವ ವೇವ್ ತಗೊಳ್ಳಿ. ಲಾಗಿನ್ ಆದ ಮೇಲೆ ಬರುವ ಪುಟಗಳನ್ನೂ ಅದರಲ್ಲಿ ನೋಡಬಹುದು.

ಇನ್ನು ಎನ್‌ವಿಡಿಎ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಇದು. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರು ಮಾಡಿದರು, ಅವರಿಗೂ ಕಣ್ಣು ಕಾಣುವುದಿಲ್ಲ. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಜೊತೆಗೆ ಬರುವ ಈಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಧ್ವನಿ ಯಂತ್ರದ್ದೇ ಅನ್ನಿಸುತ್ತದೆ, ಆದರೆ ಅರ್ಥ ಆಗುತ್ತದೆ. ಪುಟ ಯಾವ ಭಾಷೆಯದು ಅಂತ ಒಳಗಿನ ಕೋಡ್‌ನಲ್ಲಿ ಸರಿಯಾಗಿ ಬರೆದಿದ್ದರೆ ಅದಕ್ಕೆ ತಕ್ಕ ಧ್ವನಿಗೆ ತಾನೇ ಬದಲಾಗುತ್ತದೆ.

ಲೈಟ್‌ಹೌಸ್‌ನಲ್ಲಿ ನಮ್ಮ ಹುಡುಕಾಟದ ಪುಟಕ್ಕೆ ಹಸಿರು ಅಂಕ ಬಂದಿತ್ತು. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಅದೇ ಪುಟವನ್ನು ಎನ್‌ವಿಡಿಎ ಹಾಕಿ ಕೇಳಿ, "ಸರ್, ಪುಸ್ತಕ ಉಂಟಾ ಇಲ್ವಾ ಅಂತ ಇದು ಹೇಳುದೇ ಇಲ್ಲ" ಅಂದ. ಪುಸ್ತಕ ಕಪಾಟಿನಲ್ಲಿದ್ದರೆ ಹಸಿರು ಚುಕ್ಕೆ, ಹೊರಗೆ ಹೋಗಿದ್ದರೆ ಕೆಂಪು ಚುಕ್ಕೆ ಅಂತ ಮಾಡಿದ್ದರು. ಅಕ್ಷರದಲ್ಲಿ ಏನೂ ಇರಲಿಲ್ಲ. ಚುಕ್ಕೆಯ ಪಕ್ಕ "ಇದೆ", "ಹೊರಗಿದೆ" ಅಂತ ಬರೆಸಿದೆವು. ಕೆಂಪು ಹಸಿರು ಬೇರೆ ಮಾಡಲಾಗದ ಓದುಗರಿಗೂ ಅನುಕೂಲ ಆಯಿತು.

ಇನ್ನೂ ದೊಡ್ಡ ತೊಂದರೆ ಸಿಕ್ಕಿದ್ದು ಪಿಡಿಎಫ್‌ಗಳಲ್ಲಿ. ನಮ್ಮ ಹಳೆಯ ಪುಸ್ತಕ ಪಟ್ಟಿಗಳನ್ನು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು, ಎಲ್ಲ ಕಂಪ್ಯೂಟರ್‌ಗಳೂ ಕನ್ನಡ ಅಂತಲೇ ಗುರುತಿಸುವ ಯೂನಿಕೋಡ್‌ನಲ್ಲಿ ಅಲ್ಲ. ಕಣ್ಣಿಗೆ ಚಂದದ ಕನ್ನಡ. ಒಳಗೆ ಇರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಎನ್‌ವಿಡಿಎ ಅದನ್ನು ಓದಿದಾಗ ಒಂದು ಪದವೂ ತಿಳಿಯಲಿಲ್ಲ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಲೈಟ್‌ಹೌಸ್, ವೇವ್ ಎರಡೂ ಪಿಡಿಎಫ್ ಒಳಗೆ ಇಣುಕುವುದಿಲ್ಲವಾದ್ದರಿಂದ ಅವುಗಳಿಗೆ ಇದು ಗೊತ್ತೇ ಆಗಲಿಲ್ಲ. ಪಟ್ಟಿಗಳನ್ನು ಯೂನಿಕೋಡ್‌ಗೆ ಬದಲಿಸಿ ಸಾಲು ಸಾಲಾಗಿ ತಿದ್ದಿದೆವು. ಸ್ಕ್ಯಾನ್ ಮಾಡಿದ ಹಳೆಯ ಪ್ರಶ್ನೆಪತ್ರಿಕೆಗಳು ಬರೀ ಚಿತ್ರಗಳು. ಅವಕ್ಕೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುವ ಟೆಸೆರಾಕ್ಟ್ ಬಳಸುತ್ತಿದ್ದೇವೆ, ಅದಕ್ಕೆ ಕನ್ನಡ ಗೊತ್ತು. ಒತ್ತಕ್ಷರಗಳಲ್ಲಿ ಎಡವುತ್ತದೆ, ಮನುಷ್ಯರು ಓದಿ ಸರಿ ಮಾಡಲೇಬೇಕು.

ಮೂರರ ಕೈಗೂ ಸಿಗದ್ದು ಹುಡುಕಾಟ. ಪುಟ ಬೇಗ ತೆರೆಯುತ್ತದೆ, ಬಣ್ಣ ಸರಿ ಇದೆ, ಆದರೆ ಪುಸ್ತಕ ಸಿಗುವುದಿಲ್ಲ! ಈ ಊರಿನ ಲೈಬ್ರರಿಗಳಲ್ಲಿ ಇದಕ್ಕೆ ಕಾರಣ ಬೇಕಾದಷ್ಟಿವೆ. ಮಂಗಳೂರು ಅಂತ ಅಧಿಕೃತ ಹೆಸರು ಬಂದದ್ದು 2014ರ ನವೆಂಬರ್ 1ಕ್ಕೆ. ಹಳೆಯ ದಾಖಲೆಗಳಲ್ಲೆಲ್ಲ ಮ್ಯಾಂಗಲೋರ್. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಕಾಪು, ಕುಂದಾಪುರದ ವಿಷಯ ದಕ್ಷಿಣ ಕನ್ನಡದ ಅಡಿಯಲ್ಲೋ ಸೌತ್ ಕೆನರಾ ಅಡಿಯಲ್ಲೋ ಇರುತ್ತದೆ. ದೈವಾರಾಧನೆ ಅಂತ ಹುಡುಕಿದವರಿಗೆ ಭೂತಾರಾಧನೆಯ ಪುಸ್ತಕವೂ ಸಿಗಬೇಕು. ಇಂಗ್ಲಿಷ್‌ನಲ್ಲಿ ಕಾರಂತ ಹೆಸರನ್ನು ಬರೆಯುವ ರೀತಿ ಎಷ್ಟೊಂದು! ಪುಸ್ತಕದ ವಿವರಗಳನ್ನು ಕಂಪ್ಯೂಟರ್‌ನಲ್ಲಿ ದಾಖಲಿಸಲು ಲೈಬ್ರರಿಗಳು ಬಳಸುವ ಮಾರ್ಕ್ ಪದ್ಧತಿಯ ಭಾಷಾ ಕೋಡ್‌ಗಳಲ್ಲಿ ಕನ್ನಡಕ್ಕೆ, ಕೊಂಕಣಿಗೆ ಸ್ವಂತ ಕೋಡ್ ಇದೆ. ತುಳುವಿಗೆ ಇಲ್ಲ, ಇತರ ದ್ರಾವಿಡ ಭಾಷೆಗಳ ಗುಂಪಿಗೆ ಸೇರಿಸಿಬಿಟ್ಟಿದ್ದಾರೆ. ತುಳುನಾಡಿನಲ್ಲಿ ಕೂತು ಭಾಷೆ ಆರಿಸುವ ಪಟ್ಟಿಯಲ್ಲಿ ತುಳು ಕಾಣದಿದ್ದರೆ ಬೇಸರ ಆಗುತ್ತದೆ.

ಇದಕ್ಕೆ ಕೌಂಟರಿನಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಓದುಗರು ಬಂದು ಕೇಳಿದ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳುತ್ತೇವೆ. ಸೈಟ್‌ನಲ್ಲಿ ಹುಡುಕಿ ಏನೂ ಸಿಗದ ಪದಗಳನ್ನೂ ತೆಗೆದು ಅದಕ್ಕೆ ಸೇರಿಸುತ್ತೇವೆ. ಸೈಟ್ ಅಪ್‌ಡೇಟ್ ಆದಾಗಲೆಲ್ಲ ಆ ಪದಗಳನ್ನು ಒಂದೊಂದಾಗಿ ಟೈಪ್ ಮಾಡಿ, ಕಪಾಟಿನ ನಂಬರ್ ಸಿಗುವ ತನಕ ನೋಡುತ್ತೇವೆ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಕಲಿಸಲು ಬಂದಿದ್ದ ಎಸ್. ಆರ್. ರಂಗನಾಥನ್ ಮುಂದೆ 1931ರಲ್ಲಿ ಲೈಬ್ರರಿಗೆ ಐದು ಸೂತ್ರ ಕೊಟ್ಟರು. ಅದರಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುವುದು. ವೆಬ್‌ಸೈಟ್ ಪರೀಕ್ಷೆಗೆ ನಾನು ಇಟ್ಟುಕೊಂಡಿರುವ ಅಳತೆಯೂ ಅದೇ.

ಮಳೆಗಾಲದ ರಜೆಯನ್ನೂ ಯಾವ ಸಾಧನ ಹೇಳಲ್ಲ. ರೆಡ್ ಅಲರ್ಟ್ ಅಂತ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನವೂ ಸೈಟ್‌ನಲ್ಲಿ "ಬೆಳಿಗ್ಗೆ 9ರಿಂದ ತೆರೆದಿದೆ" ಅಂತಲೇ ಇದ್ದರೆ ಯಾರಾದರೂ ಮಳೆಯಲ್ಲಿ ನೆನೆದು ಬಂದು ಬಾಗಿಲು ನೋಡಿ ಹೋಗುತ್ತಾರೆ. ಸಮಯ ಬದಲಿಸುವ ಕೆಲಸಕ್ಕೆ ಇಂಥವರೇ ಅಂತ ಒಬ್ಬರನ್ನು ಗೊತ್ತು ಮಾಡಿ, ಅವರ ಫೋನಿನಿಂದಲೇ ಬದಲಿಸಲು ಆಗುವಂತೆ ಮಾಡಿ.

ಅಂಕ ಕೊಡುವುದಾದರೆ ಎನ್‌ವಿಡಿಎಗೆ ಐದಕ್ಕೆ ಐದು, ವೇವ್‌ಗೆ ನಾಲ್ಕು, ಲೈಟ್‌ಹೌಸ್‌ಗೆ ಮೂರೂವರೆ. ಎನ್‌ವಿಡಿಎ ಇಳಿಸಿಕೊಳ್ಳುವಾಗ ದೇಣಿಗೆ ಕೇಳುತ್ತದೆ. ಕೊಡದಿದ್ದರೂ ಎಲ್ಲವೂ ಕೆಲಸ ಮಾಡುತ್ತದೆ, ಆದರೆ ಆಗುವ ಸಂಸ್ಥೆಗಳು ಕೊಡಬೇಕು. ಹಾಕಿಕೊಂಡ ಮೇಲೆ ಮಾನಿಟರ್ ಆಫ್ ಮಾಡಿ, ಮೌಸ್ ಪಕ್ಕಕ್ಕಿಡಿ. ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗಲು ಎಚ್, ಬರೆಯುವ ಪೆಟ್ಟಿಗೆಗೆ ಹೋಗಲು ಇ ಒತ್ತಿ. ನಿಮ್ಮ ಲೈಬ್ರರಿಯ ಒಂದು ತುಳು ಪುಸ್ತಕ ಹುಡುಕುವುದರಿಂದ ಶುರು ಮಾಡಿ.