ನಾಲ್ಕು ಮಳೆಗಾಲ ಕಂಡ ಮೋರಾ ಚಾಕು

ಸ್ವೀಡನ್ನಿನ ಮೋರಾಕ್ನಿವ್‌ನವರ ‘ಕಂಪ್ಯಾನಿಯನ್ ಹೆವಿ ಡ್ಯೂಟಿ’ ಚಾಕು ನನ್ನ ಸೊಂಟಕ್ಕೇರಿ ನಾಲ್ಕು ಮಳೆಗಾಲ ಕಳೆದಿವೆ. ಮಡಚುವ ಚಾಕುವಲ್ಲ, ಅಲಗು ಹಿಡಿಗೆ ಅಲುಗಾಡದಂತೆ ಕೂತಿರುವಂಥದ್ದು. ಕಾರ್ಬನ್ ಉಕ್ಕಿನ ಮಾದರಿ. ಅಲಗಿನ ಉದ್ದ 104 ಮಿಲಿಮೀಟರ್, ದಪ್ಪ 3.2. ಶಿರಸಿ ಕಡೆಯ ನಮ್ಮ ತೋಟ, ಸೊಪ್ಪಿನ ಬೆಟ್ಟ, ಬಿಡುವಾದಾಗ ಕಾಡಿನ ನಡಿಗೆ, ಎಲ್ಲಕ್ಕೂ ಇದು ಜೊತೆಗಿರುತ್ತದೆ. ಕೊಂಬೆ ಕಡಿಯಲು ಮನೆಯಲ್ಲಿ ಕತ್ತಿ ಇದೆ, ಆ ಕೆಲಸವನ್ನು ಈ ಚಾಕುವಿನಿಂದ ನಾನು ಎಂದೂ ಬಯಸಿಲ್ಲ. ಇಷ್ಟು ದಿನಗಳಲ್ಲಿ ಮನೆಯಲ್ಲೇ ಕೂತು ಇದಕ್ಕೆ ಮಾಡಿದ ಬದಲಾವಣೆಗಳಲ್ಲಿ ಎರಡು ನಿಜಕ್ಕೂ ಫಲ ಕೊಟ್ಟವು, ಒಂದನ್ನು ತೆಗೆದುಹಾಕಿದೆ.

ಮೊದಲು ಬಾಯಿಯ ವಿಷಯ. ಮೋರಾ ಸೀಮೆಯ ಓಸ್ಟ್‌ನೋರ್ ಹಳ್ಳಿಯಲ್ಲಿ ಈ ಚಾಕುಗಳ ಕೆಲಸ 1891ರಿಂದ ನಡೆದುಬಂದಿದೆ. ಬರ್ಚ್, ಪೈನ್ ಮರಗಳನ್ನು ಕೆತ್ತುವವರ ನಾಡು ಅದು. ಅಲಗಿನ ಎರಡೂ ಬದಿ ಒಂದೇ ಇಳಿಜಾರಾಗಿ ಬಂದು ಬಾಯಿಯಲ್ಲಿ ಕೂಡುತ್ತದೆ. ಹಸಿ ಕಡ್ಡಿಯ ಮೇಲೆ ಒತ್ತಿ ಎಳೆದರೆ ಕಾಗದದಂಥ ಸುರುಳಿ ಏಳುತ್ತದೆ, ಆ ಸುಖವೇ ಬೇರೆ. ನಾನಾದರೋ ಮೊದಲ ವರ್ಷವೇ ಒಣಬಿದಿರಿನ ಗಿಣ್ಣಿನ ಮೇಲೆ ಇಟ್ಟು ಹಿಂದಿನಿಂದ ಕೊರಡಿನಲ್ಲಿ ಬಡಿದೆ. ಬಿದಿರಿನಲ್ಲಿ ಸಿಲಿಕಾ ಇರುತ್ತದೆ, ಗಿಣ್ಣಂತೂ ಕಲ್ಲು. ಬೆಳಕಿಗೆ ಹಿಡಿದು ನೋಡಿದರೆ ಬಾಯಿಯುದ್ದಕ್ಕೂ ಮೂರು ಕಡೆ ಸಾಸಿವೆಯ ಅರ್ಧದಷ್ಟು ಚಕ್ಕೆ ಎದ್ದಿತ್ತು.

ನಮ್ಮೂರಿನ ಕತ್ತಿಗಳನ್ನೆಲ್ಲ ಹದ ಮಾಡಿಕೊಡುವ ಆಚಾರರು ಅದನ್ನು ಉಗುರಿನ ಮೇಲೆ ಮೆಲ್ಲನೆ ಸರಿಸಿ ನೋಡಿ ಹೇಳಿದರು: “ತಮ್ಮಾ, ಇದು ಕೆತ್ತುವ ಬಾಯಿ. ನೀನು ಒಡೆಯಲು ಹೋಗಿದ್ದೀಯ. ತುದಿಯಲ್ಲಿ ಒಂದು ಕೂದಲಿನಷ್ಟು ದಪ್ಪ ಬಿಡು, ಸಾಕು.” ಹಾಗೆಯೇ ಮಾಡಿದೆ. ಸಾಣೆಕಲ್ಲಿನ ಮೇಲೆ ಇಳಿಜಾರನ್ನು ಪೂರ್ತಿ ಚಪ್ಪಟೆಯಾಗಿಟ್ಟು, ಚಕ್ಕೆ ಹೋಗುವವರೆಗೆ ಮಸೆದೆ. ಆಮೇಲೆ ಬೆನ್ನನ್ನು ತುಸುವೇ ಎತ್ತಿ, ನುಣುಪು ಕಲ್ಲಿನ ಮೇಲೆ ಬದಿಗೆ ಆರೇ ಆರು ಎಳೆತ. ಬರಿಗಣ್ಣಿಗೆ ಅದು ಕೂದಲೆಳೆಯಷ್ಟು ಹೊಳೆಯುವ ಗೆರೆಯಾಗಿ ಮಾತ್ರ ಕಾಣುತ್ತದೆ. ಕೆತ್ತನೆಯ ಸೊಗಸು ಸ್ವಲ್ಪ ಕಡಿಮೆಯಾಯಿತು, ನಿಜ. ಆದರೆ ಅಲ್ಲಿಂದೀಚೆಗೆ ಬಿದಿರು ಸೀಳಿದಾಗಲೂ ಒಂದು ಚಕ್ಕೆ ಎದ್ದಿಲ್ಲ. ಮಲೆನಾಡಿನಲ್ಲಿ ಈ ಚಾಕು ಬಳಸುವವರು ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿಕೊಳ್ಳಬೇಕು.

ಎರಡನೆಯದು ತುಕ್ಕು. ಆಷಾಢದಲ್ಲಿ ನಮ್ಮ ಕಡೆ ಗೋಡೆಯೂ ಬೆವರುತ್ತದೆ, ಕಾರ್ಬನ್ ಉಕ್ಕು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಇದಕ್ಕೆ ಮದ್ದು ಅಲಗನ್ನು ನಾವೇ ಮೊದಲು ಕಪ್ಪಾಗಿಸುವುದು. ಎಲ್ಲರೂ ಹೇಳುವಂತೆ ಬಿಸಿ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟೆ. ಬೂದು ಬಣ್ಣ ಬಂತು, ಆದರೆ ಪಟ್ಟೆಪಟ್ಟೆಯಾಗಿ. ಆಗ ನೆನಪಾದದ್ದು ಅಡಿಕೆ ಸುಲಿಯುವ ಮೆಟ್ಟುಗತ್ತಿ. ಅದರ ಅಲಗು ಮಸಿ ಬಳಿದಂತೆ ಕಪ್ಪಾಗಿರುತ್ತದೆ, ಕೆಂಪು ತುಕ್ಕು ಅದರ ಹತ್ತಿರ ಸುಳಿಯುವುದೇ ಅಪರೂಪ. ಅಡಿಕೆಯ ಟ್ಯಾನಿನ್ ಕಬ್ಬಿಣದ ಜೊತೆ ಕೂಡಿ ಕೊಡುವ ಕಪ್ಪು ಅದು. ಅಡಿಕೆ ಬೇಯಿಸಿದ ಚೊಗರು ಮನೆಯಲ್ಲಿತ್ತು. ಅಲಗಿನ ಜಿಡ್ಡನ್ನು ಸೀಗೆಪುಡಿಯಲ್ಲಿ ತೊಳೆದು, ಚೊಗರನ್ನು ಬೆಚ್ಚಗೆ ಮಾಡಿ ಹತ್ತಿಯಲ್ಲಿ ತೆಳುವಾಗಿ ಹಚ್ಚಿದೆ. ಆರಿದ ಮೇಲೆ ತೊಳೆದು ಮತ್ತೆ ಹಚ್ಚಿದೆ. ನಾಲ್ಕನೆಯ ಸಲಕ್ಕೆ ಪಟ್ಟೆಗಳೆಲ್ಲ ಮುಚ್ಚಿ ಹಳೆಯ ಮೆಟ್ಟುಗತ್ತಿಯ ಬಣ್ಣವೇ ಇಳಿಯಿತು. ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ. ಮಸೆದಾಗ ಬಾಯಿಯ ಬಳಿ ಕಪ್ಪು ಹೋಗುತ್ತದೆ, ವರ್ಷಕ್ಕೊಮ್ಮೆ ಕೊಯ್ಲಿನ ಹೊತ್ತಿಗೆ ಮತ್ತೆ ಹಚ್ಚುತ್ತೇನೆ. ಅಪ್ಪೆಮಿಡಿ ಹೆಚ್ಚಿದರೂ ಈಗ ಹೊಸ ಕಲೆ ಬೀಳುವುದಿಲ್ಲ.

ಬೆನ್ನಿನ ಅಂಚನ್ನೂ ಚೂಪು ಮಾಡಿಕೊಂಡಿದ್ದೇನೆ. ಹೆರೆದರೆ ಕಿಡಿ ಕಾರುವ ಲೋಹದ ಫೆರೋ ಕಡ್ಡಿಯಿಂದ ಕಿಡಿ ಎಬ್ಬಿಸಲು, ಬೆಂಕಿಗೆ ತೊಗಟೆ ಹೆರೆಯಲು ಮೂಲೆ ನೇರವಾಗಿರಬೇಕು. ಗಟ್ಟಿ ಹದದ ಉಕ್ಕಾದ್ದರಿಂದ ಅರ ಜಾರುತ್ತಿತ್ತು. ಒರಟು ಸಾಣೆಕಲ್ಲಿಗೆ ಚಾಕುವನ್ನು ಲಂಬವಾಗಿ ಹಿಡಿದು ಎರಡು ಸಂಜೆ ಉಜ್ಜಿದೆ. ಬಾಯಿಗೆ ದಪ್ಪ ರಟ್ಟು ಸುತ್ತಿ ಟೇಪು ಬಿಗಿಯದೆ ಈ ಕೆಲಸಕ್ಕೆ ಕೂರಬೇಡಿ. ಅವಸರಕ್ಕೆ ಗ್ರೈಂಡರ್ ಹಿಡಿಯಲೂಬೇಡಿ. ನಾನು ಮೊನೆಯ ಹತ್ತಿರ ಎರಡೇ ಕ್ಷಣ ತಾಗಿಸಿದ್ದೆ. ಹುಲ್ಲಿನ ಹಳದಿ ಕಂಡಿತು, ನೋಡುನೋಡುತ್ತ ನೀಲಿಯಾಯಿತು. ನೀಲಿಯಾಯಿತೆಂದರೆ ಸುಮಾರು 300 ಡಿಗ್ರಿ ಮುಟ್ಟಿತೆಂದೇ ಲೆಕ್ಕ, ಅಲ್ಲಿಯ ಹದ ಹೋಯಿತು. ಆ ಜೋಳದ ಕಾಳಿನಷ್ಟು ಜಾಗ ಇಂದಿಗೂ ಉಳಿದ ಅಲಗಿಗಿಂತ ಬೇಗ ಮೊಂಡಾಗುತ್ತದೆ.

ತೆಗೆದುಹಾಕಿದ್ದು ಚರ್ಮದ ಒರೆ. ಚೆಂದ ಕಾಣುತ್ತದೆಂದು ಆಸೆಪಟ್ಟು ಹೊಲಿಸಿದ್ದೆ. ಮಳೆಯಲ್ಲಿ ಒದ್ದೆಯಾದ ಚರ್ಮ ಒಣಗಲೇ ಇಲ್ಲ, ಎರಡು ವಾರ ಅದರೊಳಗಿದ್ದ ಅಲಗಿನ ಮೇಲೆ ಹೊಲಿಗೆಯ ಗೆರೆಗುಂಟ ಸಣ್ಣ ಗುಳಿಗಳು ಬಿದ್ದವು. ಚಾಕುವಿನ ಜೊತೆ ಬಂದ ಪ್ಲಾಸ್ಟಿಕ್ ಒರೆಯೇ ಈಗ ಮತ್ತೆ ಸೊಂಟದಲ್ಲಿದೆ. ತಳದ ತೂತಿನಿಂದ ನೀರು ಇಳಿದುಹೋಗುತ್ತದೆ, ತೊಳೆದು ಕೊಡವಿದರೆ ಆಯಿತು.

ಹಿಡಿಯನ್ನು ಮುಟ್ಟಲಿಲ್ಲ. ಹಲಸಿನ ಹಿಡಿ ಹಾಕುವ ಮನಸ್ಸಿತ್ತು. ಆದರೆ ಒಳಗಿನ ಉಕ್ಕಿನ ನಾಲಿಗೆ ಹಿಡಿಯ ತುದಿಯವರೆಗೆ ಬರುವುದಿಲ್ಲ, ಬಿಚ್ಚಬೇಕೆಂದರೆ ರಬ್ಬರನ್ನು ಕೊಯ್ದೇ ತೆಗೆಯಬೇಕು. ಜಡಿಮಳೆಯಲ್ಲಿ, ಕೆಸರುಗೈಯಲ್ಲಿ ಆ ರಬ್ಬರ್ ಒಮ್ಮೆಯೂ ಜಾರಿಲ್ಲ. ಅದನ್ನು ಹಾಳುಮಾಡಲು ಮನಸ್ಸು ಒಪ್ಪಲಿಲ್ಲ.

ಕಳೆದ ವಾರ ಅಕ್ಕನ ಮಗ ತನಗೂ ಒಂದು ಬೇಕೆಂದ. ಬಳಸಿದ ಮೇಲೆ ಒರೆಸಿ ಎಣ್ಣೆ ಮುಟ್ಟಿಸುವ ಅಭ್ಯಾಸ ಅವನಿಗಿಲ್ಲ, ಹಾಗಾಗಿ ಇದೇ ಚಾಕುವಿನ ಸ್ಟೇನ್‌ಲೆಸ್ ಮಾದರಿ ತರಿಸಿಕೊಳ್ಳಲು ಹೇಳಿದ್ದೇನೆ. ಅದಕ್ಕೆ ಚೊಗರು ಹತ್ತುವುದಿಲ್ಲ. ಬಾಯಿಗೆ ಮಾತ್ರ ಆ ಆರು ಎಳೆತ ನಾನೇ ಹಾಕಿಕೊಡುತ್ತೇನೆ.